ಕ್ಷಮೆ ಕೇಳಲು ಬಸ್ ಹತ್ತಿದ ಏಳು ಮಂದಿ

ನಂಜನಗೂಡಿನ ನಮ್ಮ ಬೀದಿಯ ಹೆಂಗಸರಿಗೆಲ್ಲ ಇಪ್ಪತ್ತು ವರ್ಷದಿಂದ ರವಿಕೆ ಹೊಲಿದುಕೊಡುತ್ತಿದ್ದದ್ದು ಒಬ್ಬ ಮುಸ್ಲಿಂ ಹೆಂಗಸು. ಧರ್ಮ ಉಳಿಸುತ್ತೇವೆಂದು ಕೂಗುತ್ತ ಬಂದ ಗುಂಪೊಂದು ಒಂದು ಮಧ್ಯಾಹ್ನ ಆಕೆಯ ಅಂಗಡಿಗೆ ಬೆಂಕಿ ಹಚ್ಚಿತು. ಆಕೆ ಹಿಂಬಾಗಿಲಿನಿಂದ ಓಡಿ ಜೀವ ಉಳಿಸಿಕೊಂಡು ಟಿ. ನರಸೀಪುರದಲ್ಲಿದ್ದ ತಂಗಿಯ ಮನೆ ಸೇರಿದಳು.

ಹಚ್ಚಿದವರು ಹೊರಗಿನವರು ಎಂದು ಬೀದಿಯವರೆಲ್ಲ ಹೇಳಿಕೊಂಡರು. ನಮ್ಮ ಮನೆಯಲ್ಲಿ ಹಾಗೆ ಹೇಳುವಂತಿರಲಿಲ್ಲ. ತಾಂಡ್ಯದ ಕಾರ್ಖಾನೆಗೆ ಹೋಗುವ ನನ್ನ ಮೈದುನ ಆ ಗುಂಪಿನಲ್ಲಿದ್ದ. ಜಾಮೀನಿನ ಮೇಲೆ ಅವನು ಮನೆಗೆ ಬಂದ ದಿನ ಅತ್ತೆ ಊಟ ಬಡಿಸಿದರು, ಆದರೆ ಅಂದಿನಿಂದ ಅವನೊಡನೆ ಮಾತು ಬಿಟ್ಟರು.

ತಿಂಗಳಾದ ಮೇಲೆ ಅವರೇ ಬೀದಿಗೆ ಬಂದು, "ಓಗಿ ತಪ್ಪಾಯ್ತು ಅಂತ ಏಳ್ಬುಟ್ ಬರಣ. ಯಾರ್ ಬತ್ತೀರಿ?" ಎಂದರು. ಏಳು ಮಂದಿ ಹೆಂಗಸರು ಹೊರಟೆವು.

ಬಸ್ಸಿನಲ್ಲಿ ಎಲ್ಲರೂ ಸಾವಿನ ಮನೆಗೆ ಹೊರಟವರಂತೆ ಕೂತಿದ್ದೆವು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಕಂಡಕ್ಟರ್ ಆಧಾರ್ ಕಾರ್ಡು ಕೇಳಿದ. ಅತ್ತೆ ಗಾಬರಿಯಲ್ಲಿ ಕೈ ಮುಗಿದು, "ತಪ್ಪಾಯ್ತು ಕಣಪ್ಪ" ಎಂದುಬಿಟ್ಟರು.

"ಯಾಕಮ್ಮ, ಕಾರ್ಡ್ ಬುಟ್ಬುಟ್ ಬಂದಿದೀರಾ?"

ಪಾಪ, ಅದೇ ಮಾತನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ನನಗೆ ನಗು ಕಿತ್ತುಕೊಂಡು ಬಂತು. ಸೆರಗು ಕಚ್ಚಿ ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ. ಏಳು ಜನವೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಂಥ ಕೆಲಸಕ್ಕೆ ಹೊರಟು ಹೀಗೆ ನಗುವುದೇ ಎಂದು ಬೈದುಕೊಂಡು ಮತ್ತೆ ನಕ್ಕೆವು.

ತಂಗಿಯ ಮನೆಯ ಬಾಗಿಲು ತೆರೆದ ಆಕೆ ನಮ್ಮನ್ನು ಕಂಡು ಬಿಳಚಿಕೊಂಡಳು. ಅತ್ತೆ ಬಾಯಿ ತೆರೆಯುವ ಮೊದಲೇ, "ಅಕ್ಕಾ, ನಿಮ್ ಬಟ್ಟೆ ಎಲ್ಲಾ ಸುಟ್ಟೋಯ್ತು. ಒಂದ್ನೂ ಉಳಿಸಕ್ ಆಗ್ನಿಲ್ಲ" ಎಂದು ಅಳತೊಡಗಿದಳು.

ನಾವು ರವಿಕೆ ಕೇಳಲು ಬಂದಿದ್ದೇವೆ ಎಂದುಕೊಂಡಿದ್ದಳು! ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಬಟ್ಟೆ ಮನೆ ಆಳಾಗ್ಲಿ ಕಣವ್ವ." ಅತ್ತೆ ಆಕೆಯ ಕೈ ಹಿಡಿದುಕೊಂಡರು. "ನನ್ ಮಗ್ನೂ ಅವ್ರ್ ಜೊತೇಲಿದ್ದ."

"ಗೊತ್ತು. ನೋಡ್ದೆ." ಆಕೆ ಕೈ ಬಿಡಿಸಿಕೊಳ್ಳಲಿಲ್ಲ. "ತಪ್ಪಾಯ್ತು ಅಂತ ಅವ್ನೇ ಬಂದು ಏಳ್ಬೇಕು ಅಕ್ಕಾ. ನೀವಲ್ಲ. ಒಳಕ್ ಬನ್ನಿ."

ಟೀ ಕುಡಿದಾದ ಮೇಲೆ, ರವಿಕೆ ಮತ್ತೆ ಹೊಲಿದುಕೊಡುತ್ತೇನೆಂದು ಆಕೆ ಟೇಪು ತಂದಳು. ಅಳತೆ ಪುಸ್ತಕವೂ ಸುಟ್ಟಿತ್ತಲ್ಲ, ಎಲ್ಲರನ್ನೂ ಹೊಸದಾಗಿ ಅಳೆಯಬೇಕಿತ್ತು. ತಮ್ಮ ಸುತ್ತಳತೆ ಮೂವತ್ನಾಲ್ಕು ಇಂಚು ಎಂದು ಹೇಳಿಕೊಂಡೇ ಬಂದಿದ್ದವರಿಗೆ ಇಷ್ಟು ವರ್ಷ ಗುಟ್ಟಾಗಿ ಸಡಿಲ ಬಿಟ್ಟು ಹೊಲಿದಿದ್ದಳಂತೆ. ಈಗ ಒಬ್ಬೊಬ್ಬರದನ್ನೂ ಜೋರಾಗಿ ಕೂಗಿದಳು. ಅತ್ತೆಯ ಸರದಿ ಬಂದಾಗ: "ನಲ್ವತ್ತೆರಡು!"

"ನಿನ್ ಟೇಪೇ ಸುಳ್ಳ್ ಏಳ್ತದೆ!" ಎಂದು ಅತ್ತೆ ಜಗಳಕ್ಕೇ ನಿಂತರು. ಆಕೆ ನಕ್ಕು ನಕ್ಕು ನೆಲದ ಮೇಲೆ ಕುಸಿದು ಕೂತಳು. ಅವಳ ತಂಗಿ ಅಡುಗೆಮನೆಯಿಂದ ಓಡಿಬಂದು, ಏನೆಂದು ಗೊತ್ತಾಗದೆಯೇ ನಗತೊಡಗಿದಳು.

ಆಕೆ ನಂಜನಗೂಡಿಗೆ ಮರಳಲಿಲ್ಲ, ಅಲ್ಲೇ ಅಂಗಡಿ ತೆರೆದಳು. ಮೈದುನ ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ವಾಪಸಾದ. ಮೂರನೆಯ ಸಲ ಒಬ್ಬನೇ ಬಸ್ ಹತ್ತಿದ. ಅಲ್ಲಿ ಏನು ಮಾತಾಯಿತೆಂದು ಅವನೂ ಹೇಳಿಲ್ಲ, ಆಕೆಯೂ ಹೇಳಿಲ್ಲ. ಆ ಸಂಜೆ ಅತ್ತೆ ಅವನಿಗೆ, "ಇನ್ನೊಂದ್ ಮುದ್ದೆ ಇಕ್ಲೇನ್ಲಾ?" ಎಂದು ಕೇಳಿದರು.