ನಾನು ಕೂಗದ ಎಚ್ಚರಿಕೆ

ಇಂಥದ್ದನ್ನು ಯಾರಾದರೂ ಹೇಳಿದರೆ, "ಹೇಳುವವರಿಗೆ ಮತಿ ಇಲ್ಲದಿದ್ದರೆ ಕೇಳುವವರಿಗಾದರೂ ಬೇಡವೇ?" ಎಂದು ನಗುತ್ತಿದ್ದವನು ನಾನು. ಈಗ ನಾನೇ ಹೇಳಲು ಕೂತಿದ್ದೇನೆ. ನಗಬೇಕೆನಿಸಿದರೆ ಧಾರಾಳವಾಗಿ ನಗಿ.

ನಾನು ಕೂಡ್ಲಿಗಿ ಕಡೆಯವನು. ನಮ್ಮಲ್ಲಿ ಹಳ್ಳವೆಂದರೆ ಬರೀ ಮರಳು. ಅಂಥವನಿಗೆ ಕೆಲಸ ಸಿಕ್ಕಿದ್ದು ಹಡಗಲಿ ತಾಲ್ಲೂಕಿನ ಹೊಳೆದಂಡೆಯ ಒಂದು ಪಂಚಾಯಿತಿಯಲ್ಲಿ. ಸೇರಿದ ತಿಂಗಳಲ್ಲೇ ಮೊಬೈಲಿಗೆ ಸಂದೇಶ ಬಂತು: ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಯಾರೂ ಹೊಳೆಗೆ ಇಳಿಯದಂತೆ ತಿಳಿಸಿ. ಇಲ್ಲಿ ಸುಡುಬಿಸಿಲು, ಮಳೆ ಬಿದ್ದದ್ದು ಮಲೆನಾಡಿನಲ್ಲಿ. ಆಟೊಗೆ ಮೈಕು ಕಟ್ಟಿಸಿ, ಇಷ್ಟು ಸಾವಿರ ಕ್ಯೂಸೆಕ್ ನೀರು ಎಂದು ಊರೊಳಗೆಲ್ಲ ಗಿಳಿಪಾಠ ಒಪ್ಪಿಸಿ ದಂಡೆಗೆ ಬಂದೆ.

ಅಲ್ಲೊಬ್ಬ ಕುರಿಗಾರ ಮುದುಕ ಆಟೊ ತಡೆದ.

"ಸಾವಿರ ಗೀವಿರ ಬಿಡ್ರಿ ಸಾಹೇಬ್ರ. ನೀರು ಯಾವ ಬಂಡಿಗೆ ಬರ್ತೈತಿ, ಅದನ್ನ ಹೇಳ್ರಿ. ನನ್ನ ಮಗಳು ಮೈಲವ್ವ ಎರಡು ಕೂಸು ಕರಕೊಂಡು ನಡುಗಡ್ಡಿಗೆ ಕುರಿ ಮೇಸಾಕ ಹೋಗ್ಯಾಳ. ಫೋನು ಹತ್ತವಲ್ದು."

ಹೊಳೆಯ ಜನ ನೀರನ್ನು ಅಳೆಯುವುದು ಬಂಡೆಗಳಿಂದ ಎಂಬುದು ನನಗೆ ಆಗಲೇ ತಿಳಿದದ್ದು. ಒಂದು ಬಂಡೆಯ ಹೆಸರೂ ಗೊತ್ತಿರಲಿಲ್ಲ. ನಾಚಿಕೆಯಾಯಿತು. ನಡುಗಡ್ಡೆಯತ್ತ ಮೈಕು ತಿರುಗಿಸಿ ಬಾಯಿ ತೆರೆದೆ, ಬ್ಯಾಟರಿ ಸತ್ತಿತ್ತು. ಗಂಟಲು ಹರಿಯುವಂತೆ ಕೂಗಿದರೂ ಎದುರುಗಾಳಿ ನುಂಗಿಬಿಟ್ಟಿತು. ಕೆಂಪು ನೀರು ಕಣ್ಣೆದುರೇ ಏರುತ್ತಿತ್ತು. ಮುದುಕ ಹೊಳೆಗಿಳಿಯಲು ಹೊರಟ. ಆಟೊದವನೂ ನಾನೂ ಅವನನ್ನು ಗಟ್ಟಿಯಾಗಿ ಹಿಡಿದುಕೊಂಡೆವು. ತಾಲ್ಲೂಕಿಗೆ ಫೋನು ಮಾಡಿ ದೋಣಿ ಬೇಕೆಂದು ಅಂಗಲಾಚಿದೆ.

ಅಷ್ಟರಲ್ಲಿ ಸ್ವಲ್ಪ ಮೇಲಕ್ಕೆ, ಕಲ್ಲುಗಳ ಸಾಲಿನ ಮೇಲೆ ಕುರಿಗಳು ಕಂಡವು. ಹಿಂದೆ ಮೈಲವ್ವ, ಒಂದು ಕೂಸು ಬೆನ್ನಿಗೆ, ಇನ್ನೊಂದು ಕೈಯಲ್ಲಿ. ಅವರು ದಂಡೆ ಹತ್ತಿ ನಿಟ್ಟುಸಿರು ಬಿಡುವಷ್ಟರಲ್ಲಿ ಆ ಕಲ್ಲುದಾರಿ ಮುಳುಗಿತು. ಮುದುಕ ಮಕ್ಕಳನ್ನು ಅಪ್ಪಿಕೊಂಡು ಗಳಗಳ ಅತ್ತ.

ಮೈಲವ್ವ ನನಗೆ ಕೈಮುಗಿದಳು. "ನೀವು ಮೈಕಿನಾಗ ಕೂಗಿದ್ದು ಚಲೋ ಆತ್ರಿ. 'ಅಜ್ಜಿಬಂಡಿ ಮುಳುಗತೈತಿ, ಮೈಲವ್ವ, ಕೂಸು ತಗೊಂಡು ದಂಡಿಗೆ ಹತ್ತು' ಅಂದ್ರಲ್ರಿ, ಅದಕ್ಕ ಎದ್ದು ಬಂದ್ವಿ."

"ನಾನಲ್ಲವ್ವ."

"ನಿಮ್ದ ದನಿ. ಈಗ ಮಾತಾಡಾಕತ್ತೀರಲ್ಲ, ಇದ."

ದೊಡ್ಡ ಕೂಸು ಹೌದೆಂದು ತಲೆಯಾಡಿಸಿತು. ಆಟೊದವನು ನನ್ನ ಮುಖ ನೋಡಿದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕುರಿಗಳನ್ನು ಕೂಡಿಸಿ ಹೊಳೆ ದಾಟಲು ಅವಳಿಗೆ ಅರ್ಧ ತಾಸಾದರೂ ಬೇಕು. ಅರ್ಧ ತಾಸಿನ ಹಿಂದೆ ನಾನು ಊರೊಳಗೆ ಕ್ಯೂಸೆಕ್ ಓದುತ್ತಿದ್ದೆ. ಮೈಲವ್ವ ಎಂಬವಳೊಬ್ಬಳು ಇದ್ದಾಳೆಂದೇ ಗೊತ್ತಿರಲಿಲ್ಲ. ಅಜ್ಜಿಬಂಡೆ ಎಂಬ ಹೆಸರು ಕೇಳಿದ್ದೇ ಅವಳ ಬಾಯಿಂದ.

ವರ್ಷಗಳಾದವು. ಈಗ ಸಂದೇಶ ಬಂದೊಡನೆ ಹಿರಿಯರನ್ನು ಕೇಳಿ, ಯಾವ ಬಂಡೆ ಮುಳುಗುತ್ತದೆಂದು ತಿಳಿದುಕೊಂಡೇ ಮೈಕು ಹಿಡಿಯುತ್ತೇನೆ. ಪ್ರತಿ ಸಲವೂ ದನಿ ಒಂದಿಷ್ಟು ನಡುಗುತ್ತದೆ. ಅಂದು ಈ ದನಿಯಲ್ಲಿ ಕೂಗಿದವರು ಯಾರು? ನನಗೆ ಗೊತ್ತಿಲ್ಲ. ಯಾರೇ ಇರಲಿ, ಆ ತಾಯಿಯ ಹೆಸರು ಅವರಿಗೆ ಗೊತ್ತಿತ್ತು.