ಒಳಕೋಣೆಯ ಸೊಳ್ಳೆ

ಸೊಳ್ಳೆಯ ಜಾತಿ ನೋಡುವುದು ನನ್ನ ನೌಕರಿ. ಸಿಂಧನೂರಿನ ಪುಟ್ಟ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ರೆಕ್ಕೆ ಬಿಡಿಸಿ ಮೂರನೇ ನರ ನೋಡುತ್ತೇನೆ. ಅದು ಬೆಳ್ಳಗಿದ್ದರೆ ಸಬ್‌ಪಿಕ್ಟಸ್. ಭತ್ತದ ಗದ್ದೆಗಳಲ್ಲಿ ರಾಶಿ ರಾಶಿ ಹುಟ್ಟುತ್ತದೆ, ನಮ್ಮ ಕಡೆ ಅದಕ್ಕೆ ಅಷ್ಟೇನೂ ಹೆದರುವುದಿಲ್ಲ. ಕಪ್ಪಗಿದ್ದರೆ ಕ್ಯುಲಿಸಿಫೇಸಿಸ್, ಮಲೇರಿಯಾ ಹೊತ್ತು ತಿರುಗುವ ಮಾರಿ. ಎರಡೂ ಅನಾಫಿಲಿಸ್ ಕುಲದವೇ, ಗೋಡೆಗೆ ಅಂಡೆತ್ತಿ ಕೂರುವುದೂ ಒಂದೇ ಥರ. ಬರಿಗಣ್ಣಿಗೆ ಮೋಸ ಹೋಗುವುದು ಸುಲಭ.

ಸೊಳ್ಳೆ ಹಿಡಿಯಲು ಗೊರೇಬಾಳದ ಒಂದು ಮನೆಗೆ ಹೋದ ದಿನ ಆ ಮನೆಯ ಬಸುರಿ ಮಗಳಿಗೆ ಏಳು ತಿಂಗಳ ಕುಬುಸ. ಹಸಿರು ಸೀರೆ, ಹಸಿರು ಬಳೆ, ಒಳಕೋಣೆ ತುಂಬ ಹೆಂಗಸರು. ಅಲ್ಲಿಗೆ ಗಂಡಸು, ಅದೂ ಸೊಳ್ಳೆ ಹಿಡಿಯುವ ಗಂಡಸು, ಹೇಗೆ ಹೋಗುವುದು? ದನದ ಕೊಟ್ಟಿಗೆಯಲ್ಲೇ ಟಾರ್ಚ್ ಬಿಟ್ಟು, ಕೊಳವೆಯಿಂದ ಒಂಬತ್ತು ಸೊಳ್ಳೆ ಹೀರಿಕೊಂಡು, ಹೋಳಿಗೆ ಉಂಡು ಬಂದೆ. ಒಂಬತ್ತೂ ಬಿಳಿ ನರದವು. ಕಾಗದದ ಮೇಲೆ ಮಾತ್ರ ‘ಮನೆ ಮತ್ತು ಕೊಟ್ಟಿಗೆ ಎರಡೂ ನೋಡಿದೆ’ ಎಂದು ಬರೆದೆ. ಔಷಧ ಹೊಡೆಯುವ ಪಟ್ಟಿಯಿಂದ ಆ ಓಣಿ ಬಿಟ್ಟುಹೋಯಿತು.

ಹದಿನೈದು ದಿನದಲ್ಲಿ ಪಕ್ಕದ ಮನೆಯ, ನಾಟಿ ಹಚ್ಚುವ ಹೆಂಗಸಿಗೆ ಮಲೇರಿಯಾ ಬಂದ ಸುದ್ದಿ ಬಂತು. ಬೆಳಗ್ಗೆಯೇ ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಆ ಬಸುರಿಯೊಬ್ಬಳು ಉಳಿದರೆ ಸಾಕೆಂದು ಬೇಡಿಕೊಂಡೆ.

ಅವಳು ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದ್ದಳು.

“ಎರಡು ದಿನ ಆತ್ರೀ ಅಣ್ಣಾರ, ಚಳಿ ಹತ್ತಾಕತ್ತೈತಿ.”

“ಬಸುರಿಗೆ ಹಿಂಗ ಆಗ್ತಾವಂತ ಸುಮ್ಮನಿದ್ವಿ,” ಎಂದಳು ಅವಳ ಅವ್ವ.

ಈ ಸಲ ಯಾರನ್ನೂ ಕಾಯದೆ ಒಳಕೋಣೆಗೆ ನುಗ್ಗಿದೆ. ಗೂಟಕ್ಕೆ ಹಾಕಿದ್ದ ಸೀರೆಗಳ ಹಿಂದೆ ನಾಲ್ಕು ಸೊಳ್ಳೆ, ರಕ್ತ ಕುಡಿದು ಹೊಟ್ಟೆ ಕೆಂಪಗಾದವು. ಕೊಳವೆಗೆ ಹೀರಿ ಭೂತಗನ್ನಡಿಯಲ್ಲಿ ನೋಡಿದೆ. ನಾಲ್ಕರ ನರವೂ ಕಪ್ಪು.

ಅವಳ ಬೆರಳು ಚುಚ್ಚಿ ಪರೀಕ್ಷೆಯ ಪಟ್ಟಿಗೆ ಒಂದು ಹನಿ ಹಾಕಿದೆ. ಕಾಲು ಗಂಟೆ ಕಾಯಬೇಕು. ಅವ್ವ ಪಟ್ಟಿಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಮೊದಲ ಗೆರೆ ಬಂತು. ಅದು ಎಲ್ಲರಿಗೂ ಬರುತ್ತದೆ. ಅದರ ಪಕ್ಕದಲ್ಲಿ ಮಸುಕಾಗಿ ಇನ್ನೊಂದು, ಮಲೇರಿಯಾದ್ದು, ಮೂಡತೊಡಗಿತು.

“ಅವತ್ತು ನೀವು ನೋಡಿ ಹೋಗಿದ್ರಲ್ರೀ?” ಎಂದಳು ಅವ್ವ.

“ಒಳಗ ಬಂದಿರಲಿಲ್ಲವ್ವಾ. ಕುಬುಸ ಐತಿ, ಬ್ಯಾಡ ಅಂತೀರಿ ಅಂದ್ಕೊಂಡೆ.”

“ಒಂದು ಮಾತು ಕೇಳಬಾರದೇನ್ರೀ? ನಾವೇ ಎದ್ದು ಹೊರಗ ಬರ್ತಿದ್ವಿ.”

ಕೇಳಿರಲಿಲ್ಲ. ನನ್ನ ನಾಚಿಕೆಗೆ ಅವರ ಮನೆಯ ಪದ್ಧತಿಯ ಹೆಸರಿಟ್ಟಿದ್ದೆ. ಆಸ್ಪತ್ರೆಗೆ ಒಯ್ಯಲು ಆಟೊ ಬಂದಾಗ ಮಗಳನ್ನು ಎಬ್ಬಿಸಲು ನಾನೂ ಕೈ ಚಾಚಿದೆ. ಅವ್ವ ನನ್ನ ಕೈ ಸರಿಸಿ, ಒಬ್ಬಳೇ ಅವಳನ್ನು ಎಬ್ಬಿಸಿ ಹಿಡಿದುಕೊಂಡು ಹೋದಳು.