ಐಸಮ್ಮ ತೊಳೆದ ಲೋಳೆ

ಆಗ ನನ್ನ ಕೆಲಸ ಅಂಗೈಯಗಲದ ಸ್ಟೀಲ್ ತಟ್ಟೆಗಳ ಮೇಲೆ ಬ್ಯಾಕ್ಟೀರಿಯಾ ಬೆಳೆಸುವುದು. ಒಳ್ಳೆಯ ಜಾತಿಯದು ತೆಳ್ಳಗೆ ಲೋಳೆಯಾಗಿ ಹಬ್ಬಿಕೊಂಡರೆ, ದೋಣಿಯ ತಳಕ್ಕೆ ಅಂಟುವಂಥ ಪಾಚಿ, ಚಿಪ್ಪು ಬಂದು ಅಂಟುವುದಿಲ್ಲ ಎಂಬ ಲೆಕ್ಕ. ಬಂಟ್ವಾಳದಲ್ಲಿ, ನೇತ್ರಾವತಿ ದಡದ ಐಸಮ್ಮನವರ ಮನೆಯ ಕೆಳಗೆ, ದೋಣಿ ಕಟ್ಟುವ ಗೂಟಕ್ಕೆ ಆ ತಟ್ಟೆಗಳನ್ನು ನೀರೊಳಗೆ ನೇತುಹಾಕಿದ್ದೆ. "ಸ್ವಲ್ಪ ನೋಡಿಕೊಳ್ಳಿ" ಎಂದಷ್ಟೇ ಅವರಿಗೆ ಹೇಳಿದ್ದೆ.

ಜೂನ್‌ನಲ್ಲಿ ಹೊಳೆ ಏರಿತು. ಎಲ್ಲ ಹೋಯಿತೆಂದು ಓಡಿ ಬಂದರೆ, ಐಸಮ್ಮ ಜಗಲಿಯಲ್ಲಿ ನಗುತ್ತಾ ನಿಂತಿದ್ದರು.

"ಹೆದರ್ಬೇಡಿ ಮಾಷ್ಟ್ರೇ, ಎಲ್ಲ ಎಳೆದು ಮೇಲೆ ತಂದಿದ್ದೇನೆ. ಒಂದೂ ಹೋಗ್ಲಿಲ್ಲ."

ಹೋದ ಜೀವ ಬಂತು. ಅವರು ಒಳಗಿನಿಂದ ತಟ್ಟೆಗಳನ್ನು ತಂದರು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಪ್ರತಿಯೊಂದರ ಮೇಲೂ ಅಕ್ಕಿ-ಬೆಲ್ಲ ಕಲಸಿ ಎಣ್ಣೆಯಲ್ಲಿ ಕರಿದ ಬಿಸಿ ನೆಯ್ಯಪ್ಪ.

"ಎಂಥ ಲೋಳೆ ಮಾರಾಯ್ರೆ! ಬೂದಿ ಹಾಕಿ, ತೆಂಗಿನ ನಾರಲ್ಲಿ ತಿಕ್ಕಿದೆ. ಇನ್ನೊಬ್ಬರ ಪಾತ್ರೆ ಹಾಗೇ ಕೊಡ್ಲಿಕ್ಕುಂಟಾ? ಖಾಲಿಯೂ ಕೊಡ್ಬಾರ್ದು."

ಆ ಲೋಳೆಯೇ ನನ್ನ ಒಂದು ವರ್ಷದ ಕೆಲಸ. ಮತ್ತೆ ಬೆಳೆಸಲು ಸಂಶೋಧನೆಯ ಅವಧಿಯೂ ಉಳಿದಿರಲಿಲ್ಲ. ಕೂತು ನೆಯ್ಯಪ್ಪ ತಿಂದೆ. ರುಚಿಯಾಗಿಯೇ ಇತ್ತು.

ಏನೂ ಅಂಟದ ತಟ್ಟೆ ಮಾಡಲು ಹೊರಟವನು ನಾನು. ಕೊನೆಗೆ ಕೈಗೆ ಸಿಕ್ಕಿದ್ದೂ ಅದೇ, ನೆಯ್ಯಪ್ಪದ ಎಣ್ಣೆಯೊಂದನ್ನು ಬಿಟ್ಟರೆ.